ಲೀ-ಎನ್‌ಫೀಲ್ಡ್ ಟ್ರಿಗರಿನ ಹದ

(ಮಾಜಿ ಸೈನಿಕರು, ಎನ್‌ಸಿಸಿ ಅಧಿಕಾರಿಗಳು ಮತ್ತು ಶೂಟಿಂಗ್ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಹಳೇ ಮಿಲಿಟರಿ ರೈಫಲ್ ಇಟ್ಟುಕೊಂಡವರು ಆರ್ಮರರ್ ಹತ್ತಿರ, ಅಂದರೆ ಕೋವಿ ದುರಸ್ತಿಗಾರನ ಹತ್ತಿರ ಬಂದರೆ ಮೊದಲು ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: “ಟ್ರಿಗರ್ ಬಹಳ ಗಟ್ಟಿ. ಸ್ವಲ್ಪ ಹಗುರ ಮಾಡಿಕೊಡಿ.” ನಾನು ಆ ಕೆಲಸದಲ್ಲೇ ಬದುಕು ಕಳೆದವನು. ಈ ಬೇಡಿಕೆಗೆ ನನ್ನ ಉತ್ತರ ಯಾವತ್ತೂ ಬದಲಾಗಿಲ್ಲ. ತೂಕದ ಮಾತು, ಅಂದರೆ ಟ್ರಿಗರ್ ಎಳೆಯಲು ಎಷ್ಟು ಬಲ ಬೇಕು ಎನ್ನುವುದು, ಆಮೇಲೆ. ಮೊದಲು ಆ ಟ್ರಿಗರ್ ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ಒತ್ತಡಕ್ಕೆ ಬಿಡುತ್ತದೆಯೇ ನೋಡೋಣ. ಹಾಗೆ ಬಿಡುವ ಆರು ಪೌಂಡಿನ ಟ್ರಿಗರಿನಲ್ಲಿ ಚೆನ್ನಾಗಿ ಹೊಡೆಯಬಹುದು. ಒಮ್ಮೆ ಇಲ್ಲಿ, ಇನ್ನೊಮ್ಮೆ ಅಲ್ಲಿ ಬಿಡುವ ಮೂರು ಪೌಂಡಿನ ಟ್ರಿಗರಿನಲ್ಲಿ ಎಂಥ ಗುರಿಕಾರನೂ ಸೋಲುತ್ತಾನೆ.

ಇವತ್ತು ಒಂದೇ ರೈಫಲ್ ಇಟ್ಟುಕೊಂಡು ಮಾತಾಡುತ್ತೇನೆ. ಲೀ-ಎನ್‌ಫೀಲ್ಡ್. ನಮ್ಮವರ ಬಾಯಲ್ಲಿ “ತ್ರೀ ನಾಟ್ ತ್ರೀ”. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ಕೆಲಸ ಮಾಡಿದ ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಬೋಲ್ಟು (ತೋಟಾವನ್ನು ಒಳಕ್ಕೆ ತಳ್ಳಿ ಮುಚ್ಚುವ ಭಾಗ), ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯ ನಳಿಗೆ, ಎರಡೂ ಸೇರಿ 1895ರಲ್ಲಿ ಆದ ಹೆಸರು ಅದು. 1907ರ ಮಾರ್ಕ್ 3 ಮೊದಲ ಮಹಾಯುದ್ಧದ ರೈಫಲ್. ಅದರಲ್ಲೇ ಕೆಲವು ಭಾಗ ಕೈಬಿಟ್ಟು ಸರಳ ಮಾಡಿದ್ದು ‘ಮಾರ್ಕ್ 3 ಸ್ಟಾರ್’. ಇದನ್ನು ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಮಾಡುತ್ತಿದ್ದರು. 1962ರ ಚೀನಾ ಯುದ್ಧದ ನಂತರ ಅದೇ ಕಾರ್ಖಾನೆ ಇದೇ ವಿನ್ಯಾಸವನ್ನು 7.62 ಎಂಎಂ ತೋಟಾಕ್ಕೆ ಹೊಂದಿಸಿ 2ಎ, 2ಎ1 ರೈಫಲುಗಳನ್ನು ಮಾಡಿತು. ಉತ್ತರ ಪ್ರದೇಶದ ಪೊಲೀಸರು .303ಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ. ಇಷ್ಟು ಕಾಲ ಇಷ್ಟು ಕೈಗಳಲ್ಲಿ ಓಡಾಡಿದ ಯಂತ್ರ ಬೇರೆ ಕಡಿಮೆ. ಆ ಕೈಗಳ ಗುರುತೆಲ್ಲ ಅದರ ಟ್ರಿಗರಿನಲ್ಲಿ ಉಳಿದಿರುತ್ತದೆ.

ಟ್ರಿಗರ್ ಯಾಕೆ ಇಷ್ಟು ಮುಖ್ಯ

ಲೆಕ್ಕ ಸುಲಭ. ಈ ರೈಫಲಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಸುಮಾರು ಅರ್ಧ ಮೀಟರ್ ಅಂತರ ಎಂದು ಇಟ್ಟುಕೊಳ್ಳಿ. ಬೆರಳು ಒತ್ತುವ ಕ್ಷಣದಲ್ಲಿ ಮುಂದಿನ ಸೈಟು ಅರ್ಧ ಮಿಲಿಮೀಟರ್ ಸರಿದರೆ, ನೂರು ಮೀಟರಿನಲ್ಲಿ ಗುಂಡು ಹತ್ತು ಸೆಂಟಿಮೀಟರ್ ಆಚೆ ಬೀಳುತ್ತದೆ. ಮುನ್ನೂರು ಮೀಟರಿನಲ್ಲಿ ಮೂವತ್ತು. ಅರ್ಧ ಮಿಲಿಮೀಟರ್ ಅಂದರೆ ಕಣ್ಣಿಗೆ ಬೀಳದಷ್ಟು ಸಣ್ಣ ಅಲುಗಾಟ. ಒಳ್ಳೆಯ ನಳಿಗೆ, ಒಳ್ಳೆಯ ತೋಟಾ ಎರಡೂ ಇದ್ದು, ಟ್ರಿಗರ್ ಒಂದು ಸಲ ತಡವರಿಸಿದರೆ ಎಲ್ಲವೂ ವ್ಯರ್ಥ.

ಹಾಗಿದ್ದರೆ ಸೇನೆಯವರು ಇಷ್ಟು ಭಾರದ ಟ್ರಿಗರ್ ಯಾಕೆ ಇಟ್ಟರು? ಇದನ್ನು ಅವರ ದಡ್ಡತನ ಎಂದು ತಿಳಿದವರು ಬಹಳ ಜನ. ಅದು ದಡ್ಡತನವಲ್ಲ. ಆ ರೈಫಲ್ ಹಿಡಿದವನ ಬೆರಳು ಚಳಿಯಲ್ಲಿ ಮರಗಟ್ಟಿರಬಹುದು, ಕೈಗೆ ಉಣ್ಣೆಯ ಗವಸು ಇರಬಹುದು. ಕಂದಕದಿಂದ ಹತ್ತುವಾಗ, ಬಯನೆಟ್ ಹಾಕಿಕೊಂಡು ಓಡುವಾಗ, ಲಾರಿಯಿಂದ ಧುಮುಕುವಾಗ ರೈಫಲಿನ ಬುಡ ನೆಲಕ್ಕೆ ಬಡಿಯುತ್ತದೆ. ಅಂಥ ಹೊತ್ತಿನಲ್ಲಿ ತಾನಾಗಿ ಹಾರಿದರೆ ಸಾಯುವವನು ಪಕ್ಕದ ಸಂಗಾತಿ. ಅದಕ್ಕೇ ಕೊನೆಯ ಎಳೆತವನ್ನು ಸುಮಾರು 5ರಿಂದ 6½ ಪೌಂಡ್ ಇಟ್ಟರು. ಕಿಲೋ ಲೆಕ್ಕದಲ್ಲಿ ಎರಡೂಕಾಲರಿಂದ ಮೂರರ ಹತ್ತಿರ. ಇವತ್ತಿನ ಸ್ಪರ್ಧೆಗಳಲ್ಲಿ 10 ಮೀಟರ್ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ, 300 ಮೀಟರ್ ಸ್ಟ್ಯಾಂಡರ್ಡ್ ರೈಫಲಿಗೆ ಕನಿಷ್ಠ 1500 ಗ್ರಾಂ. ಇದರ ಪಕ್ಕದಲ್ಲಿಟ್ಟರೆ ಮೂರು ಕಿಲೋ ಹೆಚ್ಚೇ. ಆದರೆ ಇದೇ ಟ್ರಿಗರಿನಲ್ಲಿ 1914ಕ್ಕೆ ಮುಂಚಿನ ಬ್ರಿಟಿಷ್ ಸಿಪಾಯಿ 300 ಗಜ ದೂರದ ಗುರಿಗೆ ನಿಮಿಷಕ್ಕೆ ಹದಿನೈದು ಗುಂಡು ಗುರಿಯಿಟ್ಟು ಹೊಡೆಯುವ ಅಭ್ಯಾಸ ಮಾಡುತ್ತಿದ್ದ. ತೂಕ ಅವನಿಗೆ ಅಡ್ಡಿ ಆಗಲಿಲ್ಲ.

ಕಾರಣ ಅದು ಎರಡು ಹಂತದ ಟ್ರಿಗರ್. ಎನ್‌ಸಿಸಿಯಲ್ಲಿ ಹೊಡೆದವರಿಗೆ ಮೊದಲ ಎಳೆತ, ಎರಡನೇ ಎಳೆತ ಎಂದರೆ ಗೊತ್ತು.

ಒಳಗೆ ಏನಿದೆ

ಬೋಲ್ಟಿನ ಹಿಂತುದಿಯಲ್ಲಿ ಕಾಕಿಂಗ್ ಪೀಸ್ ಅಂತ ಒಂದು ಭಾಗ. ತೋಟಾಕ್ಕೆ ಬಡಿದು ಸಿಡಿಸುವ ಸ್ಟ್ರೈಕರ್ ಸೂಜಿ ಅದಕ್ಕೆ ತಿರುಚಿ ಕೂತಿರುತ್ತದೆ. ಕಾಕಿಂಗ್ ಪೀಸಿನಿಂದ ಮುಂದಕ್ಕೆ ಒಂದು ನಾಲಿಗೆ ಚಾಚಿದೆ. ಅದರ ಕಚ್ಚನ್ನು ನಾವು ಬೆಂಟ್ ಎನ್ನುತ್ತೇವೆ. ರೈಫಲಿನ ಹೊಟ್ಟೆಯಲ್ಲಿ ಸಿಯರ್ ಇದೆ. ಒಂದು ಸ್ಕ್ರೂ ಮೇಲೆ ತಿರುಗುವ, ಮೊಣಕೈ ಆಕಾರದ ಸಣ್ಣ ಉಕ್ಕು. ಅದರ ಮೂತಿ ಬೆಂಟಿಗೆ ಅಡ್ಡ ನಿಂತು, ಸೂಜಿಯನ್ನು ಮುಂದಕ್ಕೆ ನೂಕುವ ಮುಖ್ಯ ಸ್ಪ್ರಿಂಗಿನ ಇಡೀ ಒತ್ತಡವನ್ನು ತಡೆಯುತ್ತದೆ. ಕೆಳಗಿನ ತೋಳು ಟ್ರಿಗರಿಗೆ ತಾಗುತ್ತದೆ.

ಟ್ರಿಗರನ್ನು ಕಳಚಿ ಬೆಳಕಿಗೆ ಹಿಡಿದರೆ, ಸಿಯರಿಗೆ ತಾಗುವ ಕಡೆ ಎರಡು ಸಣ್ಣ ಉಬ್ಬು ಕಾಣುತ್ತವೆ. ಇಡೀ ಗುಟ್ಟು ಅಲ್ಲಿದೆ. ಬೆರಳು ಎಳೆಯಲು ಶುರು ಮಾಡಿದಾಗ ಒಂದು ಉಬ್ಬು ಮಾತ್ರ ಸಿಯರನ್ನು ತಳ್ಳುತ್ತದೆ. ಸಿಯರಿನ ಮೂತಿ ಬೆಂಟಿನಿಂದ ಬಹುಪಾಲು ಕೆಳಗಿಳಿಯುತ್ತದೆ, ಇನ್ನೂ ಬಿಟ್ಟಿರುವುದಿಲ್ಲ. ಇದು ಮೊದಲ ಎಳೆತ. ಆಮೇಲೆ ಎರಡನೇ ಉಬ್ಬು ತಾಗುತ್ತದೆ, ಸನ್ನೆಯ ಅಳತೆ ಬದಲಾಗುತ್ತದೆ, ಬೆರಳಿಗೆ ಒಂದು ಗೋಡೆ ಸಿಕ್ಕ ಹಾಗೆ ಆಗುತ್ತದೆ. ಅಲ್ಲಿ ನಿಂತು ಉಸಿರು ಹಿಡಿದು, ಗುರಿ ಸರಿ ನೋಡಿ, ಉಳಿದ ತೆಳು ಅಂಚನ್ನು ದಾಟಿಸುವುದು ಎರಡನೇ ಎಳೆತ. ಸಿಯರ್ ಬೆಂಟನ್ನು ಆಳವಾಗಿ ಕಚ್ಚಿದ್ದರಿಂದ ರೈಫಲ್ ಬಿದ್ದರೂ ಹಾರುವುದಿಲ್ಲ. ಗುಂಡು ಹೊಡೆಯುವವನಿಗೆ ಮಾತ್ರ ಕೊನೆಯ ಚಿಕ್ಕ, ಚುರುಕು ಬಿಡುಗಡೆ ಸಿಗುತ್ತದೆ. ಭದ್ರತೆ ಮತ್ತು ನಿಖರತೆ ಎರಡನ್ನೂ ಎರಡು ಉಬ್ಬಿನಲ್ಲಿ ಹಿಡಿದಿಟ್ಟ ಈ ಜಾಣ್ಮೆ ನೋಡಿದಾಗಲೆಲ್ಲ ನನಗೆ ಆ ಕಾಲದ ಎಂಜಿನಿಯರುಗಳ ಮೇಲೆ ಗೌರವ ಹೆಚ್ಚುತ್ತದೆ. ಜರ್ಮನಿಯ ಮೌಸರ್ 98 ಕೂಡ ಇದೇ ದಾರಿ ಹಿಡಿದದ್ದು.

ಇಷ್ಟು ತಿಳಿದರೆ ಟ್ರಿಗರ್ ಸುಧಾರಿಸುವುದು ಅಂದರೆ ಏನೆಂದು ಅರ್ಥವಾಗುತ್ತದೆ. ಮೊದಲ ಎಳೆತ ನಯವಾಗಿ ಹರಿಯಬೇಕು. ಗೋಡೆ ಸ್ಪಷ್ಟವಾಗಿ ಸಿಗಬೇಕು. ಗೋಡೆಯ ಆಚೆ ತೆವಳಿಕೆ ಇರಬಾರದು, ಅಂದರೆ ಬಿಡುವ ಮೊದಲು ಟ್ರಿಗರ್ ಜಾರುತ್ತಾ ಹೋಗಬಾರದು. ಕಾರ್ಖಾನೆಯ ನಕಾಶೆಯಲ್ಲಿ ಇದ್ದದ್ದೂ ಇಷ್ಟೇ. ಹೊಸದೇನನ್ನೂ ಕಂಡುಹಿಡಿಯುವ ಅಗತ್ಯ ಇಲ್ಲ, ನೂರು ವರ್ಷದಲ್ಲಿ ಕಳೆದುಹೋದದ್ದನ್ನು ಅದಕ್ಕೆ ವಾಪಸ್ ಕೊಡುವುದೇ ಕೆಲಸ.

ಮರದಿಂದ ಶುರು ಮಾಡಿ

ಈಗ ಬಹುಪಾಲು ಜನ ನಂಬದ ಮಾತು ಹೇಳುತ್ತೇನೆ. ಲೀ-ಎನ್‌ಫೀಲ್ಡಿನ ಕೆಟ್ಟ ಟ್ರಿಗರಿಗೆ ಕಾರಣ ಹೆಚ್ಚಿನ ಸಲ ಉಕ್ಕಿನಲ್ಲಿ ಇರುವುದಿಲ್ಲ, ಮರದಲ್ಲಿ ಇರುತ್ತದೆ.

ಯಾಕೆ ಅಂದರೆ ಮಾರ್ಕ್ 3ರಲ್ಲಿ ಸಿಯರ್ ಕೂತಿರುವುದು ರೈಫಲಿನ ಉಕ್ಕಿನ ಬಾಡಿಯಲ್ಲಿ. ಟ್ರಿಗರ್ ಕೂತಿರುವುದು ಅದನ್ನು ಸುತ್ತುವರಿದ ಕೆಳಗಿನ ಟ್ರಿಗರ್ ಗಾರ್ಡಿನಲ್ಲಿ. ಎರಡರ ನಡುವೆ ಮರ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಹಿಡಿಯುವ ಹಾಗೆ ಈ ಮರವೂ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮರ ಉಬ್ಬಿದರೆ ಗಾರ್ಡು ಕೆಳಗೆ ಸರಿಯುತ್ತದೆ, ಟ್ರಿಗರ್ ಸಿಯರಿನಿಂದ ದೂರ ಹೋಗುತ್ತದೆ. ಟ್ರಿಗರ್ ಸುಮ್ಮನೆ ಸಡಿಲಾಗಿ ಓಡಾಡುವ ದೂರ ಹೆಚ್ಚಿ, ಎರಡು ಎಳೆತಗಳ ನಡುವಿನ ಗಡಿ ಮಸುಕಾಗುತ್ತದೆ. ಮರ ಕುಗ್ಗಿದ ಮೇಲೆ ಯಾರೋ ಸ್ಕ್ರೂ ಬಲವಾಗಿ ಬಿಗಿದರೆ ಗಾರ್ಡು ಮೇಲೇರುತ್ತದೆ. ಆಗ ಮೊದಲ ಎಳೆತ ಪೂರ್ತಿ ಮಾಯವಾಗಬಹುದು. ಇನ್ನೂ ಕೆಟ್ಟದ್ದೆಂದರೆ, ಬೆರಳು ಮುಟ್ಟುವ ಮೊದಲೇ ಟ್ರಿಗರ್ ಸಿಯರನ್ನು ಅರ್ಧ ಕೆಳಗೆ ಒತ್ತಿ ಹಿಡಿದಿರಬಹುದು. “ಅರೆ, ಟ್ರಿಗರ್ ತಾನಾಗೇ ಹಗುರ ಆಗಿದೆ” ಎಂದು ಖುಷಿಪಡುವವರು ಇದ್ದಾರೆ. ಅದು ಖುಷಿಯ ಸಂಗತಿ ಅಲ್ಲ, ಅಪಾಯದ ಲಕ್ಷಣ.

ಗಾರ್ಡಿನ ಮುಂದಿನ ದಪ್ಪ ಸ್ಕ್ರೂಗೆ ಕಿಂಗ್ ಸ್ಕ್ರೂ ಎಂದು ಹೆಸರು. ಅದರ ಸುತ್ತ ಒಂದು ಉಕ್ಕಿನ ಕಾಲರ್ ಇರಬೇಕು. ಗಾರ್ಡಿಗೂ ಬಾಡಿಗೂ ಇರಬೇಕಾದ ಅಂತರವನ್ನು ಕಾಯುವುದು ಆ ಕಾಲರೇ. ಬಿಚ್ಚಿದವರು ಯಾರೋ ಅದನ್ನು ಕಳೆದಿರುತ್ತಾರೆ, ಇಲ್ಲವೇ “ಸ್ಕ್ರೂ ಇನ್ನೂ ಬಿಗಿಯಾಗಲಿ” ಎಂದು ಅರದಿಂದ ಉಜ್ಜಿ ಗಿಡ್ಡ ಮಾಡಿರುತ್ತಾರೆ. ಕಾಲರ್ ಸರಿಯಾದ ಎತ್ತರದ್ದು ಹಾಕಿ, ಮರವನ್ನು ಅದಕ್ಕೆ ತಕ್ಕಂತೆ ಕೂರಿಸಿದರೆ, ಉಕ್ಕನ್ನು ಮುಟ್ಟದೆಯೇ ಟ್ರಿಗರ್ ಸರಿಹೋದದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಮುಂಭಾಗದ ಮರ ಬಾಡಿಗೆ ಒರಗಿ ನಿಲ್ಲುವ ಎರಡು ಮುಖಗಳಿಗೆ ಡ್ರಾ ಎನ್ನುತ್ತಾರೆ. ಪ್ರತಿ ಗುಂಡಿನ ಹಿಂಬಡಿತ ಅಲ್ಲಿಗೇ ಬೀಳುತ್ತದೆ. ಅದು ಸವೆದರೆ ಇಡೀ ಮರ ಹಿಂದೆ ಮುಂದೆ ಅಲುಗಾಡುತ್ತದೆ, ಜೊತೆಗೆ ಗಾರ್ಡೂ, ಅದರ ಜೊತೆ ಟ್ರಿಗರೂ. ಒಂದೊಂದು ಕಾರ್ಖಾನೆ ಇದಕ್ಕೆ ಒಂದೊಂದು ಉಪಾಯ ಹುಡುಕಿತು. ಆಸ್ಟ್ರೇಲಿಯಾದ ಲಿತ್‌ಗೋ ಕಾರ್ಖಾನೆಯವರಿಗೆ ಸಿಕ್ಕ ಸ್ಥಳೀಯ ಮರ ಇಂಗ್ಲೆಂಡಿನ ವಾಲ್ನಟ್‌ನಷ್ಟು ಗಟ್ಟಿ ಇರಲಿಲ್ಲ. ಅವರು ಆ ಜಾಗಕ್ಕೆ ತಾಮ್ರದ ತಗಡು ಕೂರಿಸಿದರು. ಇಶಾಪುರದವರು ಮರ ಸೀಳದ ಹಾಗೆ ಮುಂಭಾಗಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಹಾಕಿದರು. ಇವತ್ತಿಗೂ ಜಗತ್ತಿನ ಯಾವ ಮೂಲೆಯ ಸಂಗ್ರಾಹಕನೂ ಅದನ್ನು ‘ಇಶಾಪುರ್ ಸ್ಕ್ರೂ’ ಎಂದೇ ಕರೆಯುತ್ತಾನೆ. ನಮ್ಮ ದೇಶದ ಒಂದು ಕಾರ್ಖಾನೆಯ ಹೆಸರು ಹೀಗೆ ಒಂದು ಸಣ್ಣ ಸ್ಕ್ರೂನಲ್ಲಿ ಉಳಿದುಕೊಂಡಿದೆ ಎನ್ನುವುದು ನನಗೆ ಹೆಮ್ಮೆಯ ವಿಷಯ.

ಬ್ರಿಟಿಷರಿಗೂ ಈ ಮರದ ಕಾಟ ಸಾಕಾಗಿತ್ತು. ಎರಡನೇ ಮಹಾಯುದ್ಧದ ನಂಬರ್ 4 ರೈಫಲಿನಲ್ಲೂ ಟ್ರಿಗರ್ ಗಾರ್ಡಿನಲ್ಲೇ ಇತ್ತು. ಯುದ್ಧ ಮುಗಿದ ಮೇಲೆ, 1949ರ ನಂಬರ್ 4 ಮಾರ್ಕ್ 2ರಲ್ಲಿ ಟ್ರಿಗರನ್ನು ನೇರವಾಗಿ ಬಾಡಿಗೇ ತೂಗಿಹಾಕಿದರು. ಹಳೆಯ ರೈಫಲುಗಳನ್ನೂ ಹಾಗೇ ಬದಲಾಯಿಸಿ ‘1/2’, ‘1/3’ ಎಂದು ಗುರುತು ಹಾಕಿದರು. ಲೀ-ಎನ್‌ಫೀಲ್ಡ್ ಸೇನೆಗೆ ಸೇರಿ ಐವತ್ತು ವರ್ಷ ದಾಟಿದ ಮೇಲೆ ಮರವನ್ನು ಈ ಲೆಕ್ಕದಿಂದ ಹೊರಗಿಟ್ಟರು. ಸೇನೆಯೇ ಇಷ್ಟು ಖರ್ಚು ಮಾಡಿ ಹೇಳಿದ ಪಾಠ ಇದು, ನಾವು ಅರ ಕೈಗೆತ್ತಿಕೊಳ್ಳುವ ಮೊದಲು ನೆನಪಿಡಬೇಕು.

ಕೊಳೆ, ಎಣ್ಣೆ, ಸವೆತ

ಮರದ ನಂತರ ಕೊಳೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಶಕಗಳ ಹಿಂದೆ ಗೋದಾಮಿನಲ್ಲಿಡಲು ಬಳಿದ ಗ್ರೀಸು ಒಣಗಿ ಅಂಟಾಗಿರುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಷ್ಷಿನಿಂದ ತಿಕ್ಕಿ, ಒರೆಸಿ, ತೆಳ್ಳಗೆ ಎಣ್ಣೆ ಹಾಕಿ. ಅರ್ಧದಷ್ಟು ‘ಗರಗರ’ ಅಲ್ಲೇ ಹೋಗುತ್ತದೆ. ಸಿಯರ್ ಸ್ಕ್ರೂ, ಟ್ರಿಗರ್ ಪಿನ್ನು ಸವೆದು ಸಡಿಲಾಗಿವೆಯೇ ನೋಡಿ. ಸವೆದಿದ್ದರೆ ಬದಲಿಸಿ.

ದೀಪದ ಮಸಿ

ಇಷ್ಟೆಲ್ಲ ಆದ ಮೇಲೂ ಟ್ರಿಗರ್ ತೆವಳುತ್ತಿದ್ದರೆ ಮಾತ್ರ ಸಿಯರ್ ಮತ್ತು ಬೆಂಟಿನ ಕಡೆ ಹೋಗಬೇಕು. ಇಲ್ಲೂ ಮೊದಲು ನೋಡುವ ಕೆಲಸ, ಆಮೇಲೆ ಉಜ್ಜುವ ಕೆಲಸ.

ಹಳೆಯ ಕುಶಲಕರ್ಮಿಗಳ ವಿಧಾನ ಹೀಗೆ. ರೈಫಲ್ ಖಾಲಿ ಇದೆ ಎಂದು ಕಣ್ಣಿನಲ್ಲಿ ನೋಡಿ, ಬೆರಳಿನಲ್ಲಿ ಮುಟ್ಟಿ ಖಚಿತ ಮಾಡಿಕೊಳ್ಳಿ. ತೋಟಾ ಆ ಕೋಣೆಯಲ್ಲೇ ಇರಬಾರದು. ಬೋಲ್ಟನ್ನು ಹೊರತೆಗೆದು, ಕಾಕಿಂಗ್ ಪೀಸಿನ ಬೆಂಟಿಗೆ ಎಣ್ಣೆದೀಪದ ಮಸಿ ಹಿಡಿಸಿ. ತೆಳ್ಳಗೆ, ಒಂದೇ ಸಮ ಕಪ್ಪಾಗಬೇಕು. ಬೋಲ್ಟು ಮತ್ತೆ ಹಾಕಿ, ಕಾಕ್ ಮಾಡಿ (ಅಂದರೆ ಸ್ಪ್ರಿಂಗ್ ಒತ್ತಿಕೊಂಡು ಹೊಡೆತಕ್ಕೆ ಸಿದ್ಧವಾಗುವ ಹಾಗೆ ಮಾಡಿ), ಟ್ರಿಗರ್ ನಿಧಾನಕ್ಕೆ ಎಳೆಯಿರಿ. ಬೋಲ್ಟು ತೆಗೆದು ಬೆಂಟನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಸಿಯರ್ ಉಜ್ಜಿಕೊಂಡು ಹೋದ ಜಾಗದಲ್ಲಿ ಮಸಿ ಅಳಿಸಿ ಉಕ್ಕು ಹೊಳೆಯುತ್ತದೆ. ಆ ಹೊಳಪು ಬೆಂಟಿನ ಇಡೀ ಅಗಲಕ್ಕೆ ಒಂದೇ ಪಟ್ಟಿಯಾಗಿ ಇದ್ದರೆ ಜೋಡಣೆ ಸರಿ ಇದೆ. ಒಂದು ಮೂಲೆಯಲ್ಲಿ ಮಾತ್ರ ಚುಕ್ಕಿಯ ಹಾಗೆ ಕಂಡರೆ ಸಿಯರ್ ಓರೆಯಾಗಿ ಕೂತಿದೆ, ಇಡೀ ಭಾರ ಆ ಮೂಲೆಯ ಮೇಲಿದೆ. ಹೊಳಪಿನಲ್ಲಿ ಅಡ್ಡಗೆರೆಗಳು ಕಂಡರೆ ಅದು ಯುದ್ಧಕಾಲದಲ್ಲಿ ಅವಸರಕ್ಕೆ ಮಾಡಿದ ಯಂತ್ರದ ಗೀರು. ಬೆರಳಿಗೆ ‘ಕಟ, ಕಟ’ ಎಂದು ಸಿಗುವ ಮೆಟ್ಟಿಲು ಅದೇ.

ಆ ಗೀರನ್ನು ನುಣುಪಾದ ಸಾಣೆಕಲ್ಲಿನಲ್ಲಿ ಎಣ್ಣೆ ಹಾಕಿ ಇಳಿಸಬಹುದು. ಆದರೆ ಉಜ್ಜುವುದು ಹೊಳಪಿಗೆ, ಆಕಾರ ಬದಲಿಸುವುದಕ್ಕಲ್ಲ. ಕೋನ ಒಂದು ಕೂದಲೆಳೆಯಷ್ಟೂ ಬದಲಾಗಬಾರದು, ಅಂಚು ಗುಂಡಗಾಗಬಾರದು. ಬೆಂಟಿನ ಕೋನ ಹೇಗಿರುತ್ತದೆ ಎಂದರೆ, ಟ್ರಿಗರ್ ಎಳೆದಾಗ ಸಿಯರ್ ಕೆಳಗಿಳಿಯುತ್ತಾ ಕಾಕಿಂಗ್ ಪೀಸನ್ನು ಸ್ವಲ್ಪವೇ ಸ್ವಲ್ಪ ಹಿಂದಕ್ಕೆ ತಳ್ಳಬೇಕು. ಬದಿಯಿಂದ ಹತ್ತಿರ ಹೋಗಿ ನೋಡಿದರೆ ಆ ಚಲನೆ ಕಾಣುತ್ತದೆ. ಅದರ ಅರ್ಥ, ಬೆರಳು ತೆಗೆದರೆ ಸ್ಪ್ರಿಂಗಿನ ಒತ್ತಡವೇ ಸಿಯರನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಕೋನ ತಿರುಗಿಬಿಟ್ಟರೆ ಅದೇ ಒತ್ತಡ ಸಿಯರನ್ನು ಹೊರಕ್ಕೆ ನೂಕುತ್ತದೆ. ಅಂಥ ರೈಫಲ್ ಕೈಯಲ್ಲಿ ಹಗುರವಾಗಿ, ಸೊಗಸಾಗಿ ಅನಿಸುತ್ತದೆ. ಯಾವ ಹೊತ್ತಿನಲ್ಲಿ ತಾನಾಗಿ ಬಿಡುತ್ತದೆ ಎಂದು ಯಾರಿಗೂ ಹೇಳಲಾಗದು.

ಲೀ-ಎನ್‌ಫೀಲ್ಡಿನಲ್ಲಿ ಈ ಭಯ ದುಪ್ಪಟ್ಟು. ಈ ರೈಫಲ್ ಕಾಕ್ ಆಗುವುದು ಬೋಲ್ಟನ್ನು ಮುಂದಕ್ಕೆ ತಳ್ಳುವಾಗ. ಮೌಸರ್ 98 ಬೋಲ್ಟು ಎತ್ತುವಾಗಲೇ ಕಾಕ್ ಆಗಿರುತ್ತದೆ. ಇಲ್ಲಿ ಹಾಗಲ್ಲ, ಬೋಲ್ಟು ಮುಂದೆ ಹೋಗುತ್ತಿರುವಾಗ ಸಿಯರ್ ಕಾಕಿಂಗ್ ಪೀಸನ್ನು ಹಿಂದೆ ಹಿಡಿದುಕೊಳ್ಳುತ್ತದೆ. ಸ್ಪ್ರಿಂಗ್ ಆಗ ಒತ್ತಿಕೊಳ್ಳುತ್ತದೆ. ಅಂದರೆ ಸಿಯರಿಗೆ ಪೂರ್ತಿ ಭಾರ ಬೀಳುವುದು ತೋಟಾ ಒಳಗೆ ಹೋಗುತ್ತಿರುವ ಅದೇ ಗಳಿಗೆಯಲ್ಲಿ, ಅದೂ ಬೋಲ್ಟನ್ನು ರಭಸವಾಗಿ ಮುಚ್ಚುತ್ತಿರುವಾಗ. ಕಚ್ಚುವಿಕೆ ದುರ್ಬಲ ಮಾಡಿಟ್ಟವರು ಇದನ್ನು ಯೋಚಿಸಿರುವುದಿಲ್ಲ.

ಇನ್ನೊಂದು ವಿಷಯ, ಉಕ್ಕಿನ ಚರ್ಮ. ಈ ಭಾಗಗಳನ್ನು ಕಾಯಿಸಿ ಗಡಸು ಮಾಡಿರುತ್ತಾರೆ. ಎಷ್ಟೋ ಭಾಗಗಳಲ್ಲಿ ಆ ಗಡಸುತನ ಮೇಲ್ಪದರದಲ್ಲಿ ಮಾತ್ರ. ಆ ಪದರ ದಾಟಿ ಉಜ್ಜಿದರೆ ಒಳಗೆ ಮೆದು ಉಕ್ಕು ಸಿಗುತ್ತದೆ. ಮೊದಲ ದಿನ ಟ್ರಿಗರ್ ಬೆಣ್ಣೆಯ ಹಾಗೆ ನಯ. ಹೊಡೆಯುತ್ತಾ ಹೋದ ಹಾಗೆ ಅದು ಸವೆಯುತ್ತದೆ, ಎಳೆತ ದಿನಕ್ಕೊಂದು ಥರ ಆಗುತ್ತದೆ, ಕೊನೆಗೆ ಆ ಭಾಗವನ್ನೇ ಎಸೆಯಬೇಕು. ಅದಕ್ಕೇ ಹಳೆಯ ಆರ್ಮರರುಗಳು ಕಲ್ಲಿಗಿಂತ ಡಬ್ಬಿಯನ್ನು ಹೆಚ್ಚು ನಂಬುತ್ತಿದ್ದರು. ಡಬ್ಬಿಯಲ್ಲಿ ಸಿಯರುಗಳು, ಕಾಕಿಂಗ್ ಪೀಸುಗಳು, ಟ್ರಿಗರುಗಳು ಇರುತ್ತಿದ್ದವು. ಒಂದಕ್ಕೆ ಇನ್ನೊಂದು ಹಾಕಿ ನೋಡಿ, ತಾಳೆಯಾಗುವ ಜೋಡಿ ಸಿಕ್ಕಾಗ ಕೂರಿಸುತ್ತಿದ್ದರು. ನಕಾಶೆ ಒಂದೇ ಆದರೂ ಕಾರ್ಖಾನೆ, ಕಾಲ, ಯಂತ್ರ ಬದಲಾದಾಗ ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತದೆ. ಆ ವ್ಯತ್ಯಾಸವನ್ನೇ ಉಪಯೋಗಕ್ಕೆ ತೆಗೆದುಕೊಳ್ಳುವುದು ಜಾಣತನ, ಮತ್ತು ಇದರಲ್ಲಿ ಯಾವುದೂ ಹಾಳಾಗುವುದಿಲ್ಲ.

ಕೆಲಸ ಆದ ಮೇಲೆ ಪರೀಕ್ಷೆ. ಖಾಲಿ ರೈಫಲನ್ನು ಕಾಕ್ ಮಾಡಿ ನೆಟ್ಟಗೆ ನಿಲ್ಲಿಸಿ, ಟ್ರಿಗರಿನ ನಡುಭಾಗಕ್ಕೆ ಕೊಕ್ಕೆ ಹಾಕಿ ತೂಕದ ಬಟ್ಟು ನೇತುಹಾಕಿ. ಒಂದು ಸಲ ಅಲ್ಲ, ಹತ್ತಾರು ಸಲ. ಸಂಖ್ಯೆ ಎಷ್ಟು ಎನ್ನುವುದಕ್ಕಿಂತ ಪ್ರತಿ ಸಲವೂ ಅದೇ ಸಂಖ್ಯೆ ಬರುತ್ತದೆಯೇ ಎನ್ನುವುದನ್ನು ನೋಡಿ. ಆಮೇಲೆ ಬೋಲ್ಟನ್ನು ಜೋರಾಗಿ ಬಡಿದು ಮುಚ್ಚಿ, ಮತ್ತೆ ಮತ್ತೆ. ಕಾಕ್ ಆದ ರೈಫಲಿನ ಬುಡವನ್ನು ದಪ್ಪ ರಬ್ಬರಿನ ಮೇಲೆ ಕುಟ್ಟಿ. ಸೇಫ್ಟಿ ಹಾಕಿ ಟ್ರಿಗರ್ ಎಳೆದು, ಬೆರಳು ತೆಗೆದು, ಸೇಫ್ಟಿ ಬಿಡಿಸಿ. ಇದರಲ್ಲಿ ಒಂದೇ ಒಂದು ಸಲ ಸ್ಟ್ರೈಕರ್ ಬಿದ್ದರೂ ಆ ಜೋಡಣೆ ಹೋಗಬೇಕಾದದ್ದು ಗುಜರಿಗೆ. ಅದನ್ನು ಶೂಟಿಂಗ್ ರೇಂಜಿಗೆ ಒಯ್ಯಬಾರದು.

ಬಿಸ್ಲಿಯ ಪಾಠ

ಈ ಕಲೆ ಪಕ್ವವಾದದ್ದು ಇಂಗ್ಲೆಂಡಿನ ಬಿಸ್ಲಿಯಲ್ಲಿ. ಅಲ್ಲಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಹುಟ್ಟಿದ್ದು 1859ರಲ್ಲಿ. ಮಾರನೇ ವರ್ಷ ವಿಂಬಲ್ಡನ್ನಿನಲ್ಲಿ ಮೊದಲ ಕೂಟ. ಅದನ್ನು ಉದ್ಘಾಟಿಸಿದ್ದು ವಿಕ್ಟೋರಿಯಾ ರಾಣಿ. ಯಂತ್ರದ ಆಸರೆಯಲ್ಲಿ ಬಿಗಿದು ಗುರಿಯಿಟ್ಟಿದ್ದ ವಿಟ್‌ವರ್ತ್ ರೈಫಲಿನ ಟ್ರಿಗರಿಗೆ ಒಂದು ರೇಷ್ಮೆ ದಾರ ಕಟ್ಟಿದ್ದರು. ರಾಣಿ ದಾರ ಎಳೆದರು. ಗುಂಡು 400 ಗಜ ದೂರದ ಗುರಿಯ ನಡುವಿಗೆ ತೀರಾ ಹತ್ತಿರ ಬಿತ್ತು. ಬೆರಳಿನ ಅಲುಗಾಟ ಪೂರ್ತಿ ತೆಗೆದುಹಾಕಿದರೆ ರೈಫಲ್ ಏನು ಮಾಡಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಪ್ರದರ್ಶನ ನನಗೆ ಗೊತ್ತಿಲ್ಲ.

1890ರಲ್ಲಿ ಕೂಟ ಬಿಸ್ಲಿಗೆ ಸ್ಥಳಾಂತರ ಆಯಿತು. ಅಲ್ಲಿ ಫುಲ್ಟನ್ ಕುಟುಂಬದ ಅಂಗಡಿ. ತಂದೆ ಜಾರ್ಜ್ ಫುಲ್ಟನ್ 1888ರಲ್ಲಿ ಕೂಟದ ಮುಖ್ಯ ಬಹುಮಾನ ಕ್ವೀನ್ಸ್ ಪ್ರೈಜ್ ಗೆದ್ದವರು. ಮಗ ಆರ್ಥರ್ 1912, 1926 ಮತ್ತು 1931ರಲ್ಲಿ ಅದೇ ಬಹುಮಾನ ಗೆದ್ದವರು, ರಾಜರ ಕಾಲದಲ್ಲಿ ಅದರ ಹೆಸರು ಕಿಂಗ್ಸ್ ಪ್ರೈಜ್. ಇವರ ಕೈಯಲ್ಲಿ ಹದಗೊಂಡ ರೈಫಲುಗಳ ಮೇಲೆ ‘ರೆಗ್ಯುಲೇಟೆಡ್ ಬೈ ಫುಲ್ಟನ್’ ಎಂಬ ಮುದ್ರೆ ಇರುತ್ತಿತ್ತು. ಇಂದಿಗೂ ಆ ಮುದ್ರೆಗೆ ಬೆಲೆ ಇದೆ. ಸರ್ವಿಸ್ ರೈಫಲ್ ಸ್ಪರ್ಧೆಯಲ್ಲಿ ಟ್ರಿಗರಿಗೆ ಕನಿಷ್ಠ ತೂಕದ ನಿಯಮ ಇರುವುದರಿಂದ ಯಾರೂ ಮನಬಂದಂತೆ ಹಗುರ ಮಾಡುವ ಹಾಗಿಲ್ಲ. ಹಾಗಾಗಿ ಅಲ್ಲಿನವರ ಬುದ್ಧಿ ಪೂರ್ತಿ ಬೇರೆ ಕಡೆ ಹರಿಯಿತು. ಮರವನ್ನು ಎಲ್ಲಿ ತಾಗಿಸಬೇಕು, ಎಲ್ಲಿ ಬಿಡಬೇಕು, ಎಳೆತ ವರ್ಷವಿಡೀ ಒಂದೇ ರೀತಿ ಉಳಿಯಲು ಏನು ಮಾಡಬೇಕು ಎನ್ನುವುದನ್ನು ಅವರು ಶೋಧಿಸಿದರು. ನಿಯಮದ ಕಟ್ಟು ಇದ್ದದ್ದರಿಂದಲೇ ಈ ವಿದ್ಯೆ ಇಷ್ಟು ಆಳಕ್ಕೆ ಇಳಿಯಿತು ಎಂದು ನನ್ನ ಅಭಿಪ್ರಾಯ.

ಈಗ ಮೌಸರ್ ಮೊದಲಾದ ರೈಫಲುಗಳಿಗೆ ಹೊಸ ಟ್ರಿಗರ್ ಘಟಕಗಳೇ ಸಿಗುತ್ತವೆ. ಹಳೆಯದು ಕಳಚಿ ಹೊಸದು ಹಾಕುವುದು ಅಷ್ಟೇ. ಬೇಟೆಯ ರೈಫಲಾಗಿ ಆಗಲೇ ಮಾರ್ಪಟ್ಟದ್ದಕ್ಕೆ ಅದು ಸರಿ. ಸೇನೆಯ ಮುದ್ರೆ, ನಂಬರು, ಮೂಲ ಮರ ಎಲ್ಲ ಉಳಿದಿರುವ ರೈಫಲಿಗೆ ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆ ಟ್ರಿಗರಿನ ಎರಡು ಉಬ್ಬು ಚರಿತ್ರೆಯ ಭಾಗ. ಯಾವ ಭಾಗ ಬದಲಿಸಿದರೂ ಹಳೆಯದಕ್ಕೆ ಎಣ್ಣೆ ಹಚ್ಚಿ, ಚೀಟಿ ಕಟ್ಟಿ ಇಡಿ.

ಸಭಿಕರ ಪ್ರಶ್ನೆಗಳು

*ಸಿಯರ್ ಸ್ಪ್ರಿಂಗನ್ನು ಸ್ವಲ್ಪ ಬಗ್ಗಿಸಿದರೆ ಹಗುರ ಆಗುತ್ತದಲ್ಲ?*

ಮೊದಲ ಎಳೆತ ಹಗುರ ಆಗುತ್ತದೆ, ನಿಜ. ಆದರೆ ಲೀ-ಎನ್‌ಫೀಲ್ಡಿನಲ್ಲಿ ಆ ಒಂದೇ ಸ್ಪ್ರಿಂಗ್ ಎರಡು ಕೆಲಸ ಮಾಡುತ್ತದೆ. ಒಂದು ತುದಿ ಸಿಯರನ್ನು ಎತ್ತಿ ಹಿಡಿಯುತ್ತದೆ, ಇನ್ನೊಂದು ತೋಟಾ ತುಂಬಿದ ಮ್ಯಾಗಜೀನನ್ನು ಹಿಡಿದಿಡುವ ಕ್ಯಾಚನ್ನು. ಅದನ್ನು ದುರ್ಬಲ ಮಾಡಿದರೆ ಗುಂಡು ಹೊಡೆದಾಗ ಮ್ಯಾಗಜೀನ್ ಕೈಗೆ ಬರಬಹುದು, ಬೋಲ್ಟು ವೇಗವಾಗಿ ಮುಚ್ಚುವಾಗ ಸಿಯರ್ ಹೊತ್ತಿಗೆ ಸರಿಯಾಗಿ ಮೇಲೇಳದೆ ಇರಬಹುದು. ಮುಖ್ಯ ಸ್ಪ್ರಿಂಗನ್ನು ಕತ್ತರಿಸುವವರೂ ಇದ್ದಾರೆ. ಆಗ ಸೂಜಿಯ ಪೆಟ್ಟು ಮೆದುವಾಗಿ ತೋಟಾ ಸಿಡಿಯದೇ ಉಳಿಯುತ್ತದೆ. ಎರಡೂ ಬೇಡ.

*ರಷ್ಯಾದ ಮೋಸಿನ್ ರೈಫಲಿಗೆ ತಗಡಿನ ತುಂಡು ಇಟ್ಟು ಟ್ರಿಗರ್ ಸರಿಮಾಡುತ್ತಾರಂತೆ?*

ಮೋಸಿನ್‌ನಲ್ಲಿ ಸಿಯರೇ ಒಂದು ಪಟ್ಟಿ ಸ್ಪ್ರಿಂಗು. ಅದಕ್ಕೂ ಬಾಡಿಗೂ ನಡುವೆ ತಗಡು ಇಟ್ಟರೆ ಸಿಯರ್ ಕೆಳಗಿಳಿದು ಕೂರುತ್ತದೆ, ಎಳೆತ ಗಿಡ್ಡವಾಗುತ್ತದೆ. ಗಿಡ್ಡ ಆಗುವುದು ಯಾಕೆಂದರೆ ಕಚ್ಚುವಿಕೆಯೇ ಕಡಿಮೆಯಾಯಿತು. ಭದ್ರತೆಯನ್ನು ಕೊಟ್ಟು ಸುಖ ಕೊಂಡ ಹಾಗೆ. ಮುಖಗಳನ್ನು ನುಣುಪು ಮಾಡುವುದಕ್ಕೆ ನನ್ನ ಒಪ್ಪಿಗೆ ಇದೆ, ತಗಡಿಗೆ ಇಲ್ಲ.

*ಕೊಡಗಿನಲ್ಲಿ ನಮ್ಮ ಮನೆಯಲ್ಲಿ .315 ಸ್ಪೋರ್ಟಿಂಗ್ ರೈಫಲ್ ಇದೆ. ಇದೆಲ್ಲ ಅದಕ್ಕೂ ಅನ್ವಯ ಆಗುತ್ತದೆಯೇ?*

ಆಗುತ್ತದೆ. ನಮ್ಮ ಸರ್ಕಾರಿ ಕಾರ್ಖಾನೆಯ .315 ಕೂಡ ಲೀ-ಎನ್‌ಫೀಲ್ಡ್ ವಿನ್ಯಾಸದ್ದೇ. ಸೇನೆಯ .303 ನಾಗರಿಕರಿಗೆ ನಿಷಿದ್ಧವಾದ್ದರಿಂದ ತೋಟಾ ಬೇರೆ, ಅಷ್ಟೇ. ಟ್ರಿಗರಿನ ಸಂಸಾರ ಒಂದೇ. ಕೊಡಗಿನ ಮಳೆಯಲ್ಲಿ ಮರ ಉಬ್ಬುವುದನ್ನು ನಿಮಗೆ ನಾನು ಹೇಳಬೇಕಿಲ್ಲ. ಮಳೆಗಾಲದ ಮೊದಲು ಮರದ ಒಳಮೈಗೆ, ಹೊರಗೆ ಕಾಣದ ಭಾಗಕ್ಕೂ, ಕುದಿಸಿದ ಅಗಸೆ ಎಣ್ಣೆ ತೆಳ್ಳಗೆ ಹಿಡಿಸಿ ಒಣಗಿಸಿ. ಕೈಲ್ ಪೋಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುರಿಯಿಡುವಾಗ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಒಂದು ಎಚ್ಚರಿಕೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ದುರಸ್ತಿ ಕಸುಬಿಗೆ ಕಾನೂನಿನಲ್ಲಿ ಬೇರೆಯೇ ಪರವಾನಗಿ ಬೇಕು. ಎಣ್ಣೆ ಹಚ್ಚುವುದು, ಒರೆಸುವುದು ನಿಮ್ಮ ಕೆಲಸ. ಸಿಯರ್ ಮುಟ್ಟುವುದಾದರೆ ಪರವಾನಗಿ ಇರುವ ಕೋವಿ ದುರಸ್ತಿಗಾರರ ಹತ್ತಿರವೇ ಹೋಗಿ.

*ನಮ್ಮ ಎನ್‌ಸಿಸಿ ಹುಡುಗರಿಗೆ ಪಾಯಿಂಟ್ ಟೂ ಟೂ ರೈಫಲ್ ಬದಲಿಸುವ ಅವಕಾಶ ಇಲ್ಲ. ಅವರು ಏನು ಮಾಡಬೇಕು?*

ಇರುವ ಟ್ರಿಗರನ್ನು ಓದಲು ಕಲಿಸಿ. ಖಾಲಿ ರೈಫಲಿನಲ್ಲಿ, ಕಣ್ಣು ಮುಚ್ಚಿಸಿ, ಮೊದಲ ಎಳೆತ ಎಲ್ಲಿ ಮುಗಿಯುತ್ತದೆ ಎಂದು ಕೇಳಿ. ಗೋಡೆ ಸಿಕ್ಕ ಕಡೆ ನಿಲ್ಲಿಸಿ, ಅಲ್ಲಿಂದ ಬೆರಳು ವಾಪಸ್ ಬಿಡಿಸಿ. ಹೀಗೆ ಮತ್ತೆ ಮತ್ತೆ, ಒಂದು ಸಲವೂ ಬಿಡುಗಡೆ ಆಗದ ಹಾಗೆ. ಅದು ಬಂದ ಮೇಲೆ ಎರಡನೇ ಎಳೆತ. ಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರಿನ ಮೇಲಿರಲಿ, ಒತ್ತಡ ನೇರ ಹಿಂದಕ್ಕೆ ಬರಲಿ, ಬದಿಗೆ ಬೇಡ. ನಳಿಗೆಯ ಮೇಲೆ ಒಂದು ನಾಣ್ಯ ಇಟ್ಟು ಅದು ಬೀಳದ ಹಾಗೆ ಬಿಡುಗಡೆ ಮಾಡುವ ಅಭ್ಯಾಸವೂ ಒಳ್ಳೆಯದು. .22ರಲ್ಲಿ ಮಾತ್ರ ಒಂದು ವಿಷಯ ನೆನಪಿಡಿ. ಅದರ ಸೂಜಿ ತೋಟಾದ ಅಂಚಿಗೆ ಬಡಿಯುವಂಥದ್ದು, ಪೂರ್ತಿ ಖಾಲಿ ಹೊಡೆದರೆ ಕೆಲವು ರೈಫಲುಗಳಲ್ಲಿ ತೋಟಾ ಕೂರುವ ಚೇಂಬರಿನ ಬಾಯಿಯನ್ನೇ ಕುಟ್ಟುತ್ತದೆ. ಹೊಡೆದು ಮುಗಿದ ಖಾಲಿ ಕೋಶ ಒಳಗಿಟ್ಟುಕೊಂಡು ಅಭ್ಯಾಸ ಮಾಡಿಸಿ, ಮತ್ತು ಆ ಕೋಶವನ್ನು ಆಗಾಗ ತಿರುಗಿಸುತ್ತಾ ಇರಿ, ಸೂಜಿ ಒಂದೇ ತಗ್ಗಿಗೆ ಬೀಳದಿರಲಿ.